ಟ್ರೈಲರ್ ಗೇರ್ ಕಟಕಟ ಅಂತದೆ, ಡಬಲ್ ಕ್ಲಚ್ ಮಾಡ್ಬೇಕಾ ಬ್ಯಾಡ್ವಾ?

ಮದ್ದೂರ್ ಹುಡ್ಗ:
ಎಲ್ರಿಗೂ ನಮಸ್ಕಾರ. ಮೊದ್ಲು 407 ಸಣ್ಣ ಲಾರಿ ಓಡಿಸ್ತಿದ್ದೆ, ಆಮೇಲೆ ಸಿಕ್ಸ್ ವೀಲರ್‌ನಲ್ಲಿ ಕೊಪ್ಪ ಕಡೆ ಕಬ್ಬು ಹೊಡೀತಿದ್ದೆ, ಈಗ ನಂಜನಗೂಡು ಇಂಡಸ್ಟ್ರಿಯಲ್ ಏರಿಯಾದಿಂದ ಕಂಟೇನರ್ ಹೊಡೆಯೋ ಟ್ರೈಲರ್ ಕೊಟ್ಟವ್ರೆ. 9 ಸ್ಪೀಡ್ ಬಾಕ್ಸು, ಅಂದ್ರೆ ತೀರಾ ನಿಧಾನಕ್ಕೆ ಎಳೆಯೋಕೆ ಒಂದು ಕ್ರಾಲರು, ಅದ್ರ ಮೇಲೆ 8 ಗೇರು. ಖಾಲಿ ಇದ್ದಾಗ ಪರ್ವಾಗಿಲ್ಲ ಆದ್ರೆ ಲೋಡ್ ಆಯ್ತು ಅಂದ್ರೆ 4ರಿಂದ 5ಕ್ಕೆ ಹೋಗುವಾಗ ಕಟಕಟ ಅಂತದೆ, ದಿಬ್ಬದಲ್ಲಿ 6ರಿಂದ 5ಕ್ಕೆ ಇಳಿಸೋಕೆ ಹೋದ್ರೆ ಗೇರೇ ತಗೊಳಲ್ಲ, ಅಷ್ಟರಲ್ಲಿ ಗಾಡಿ ನಿಂತೇ ಹೋಯ್ತದೆ, ಹಿಂದ್ಗಡೆಯೋರು ಹಾರನ್ ಹೊಡ್ದು ಪ್ರಾಣ ತಿಂತಾರೆ. ನಮ್ಮ ಯಾರ್ಡ್‌ನಲ್ಲಿ ಹಳೇ ಡ್ರೈವರ್ ಒಬ್ರು ಡಬಲ್ ಕ್ಲಚ್ ಮಾಡು, ಅಂದ್ರೆ ಒಂದು ಗೇರ್ ಬದಲಾಯ್ಸೋಕೆ ಎರಡು ಸಲ ಕ್ಲಚ್ ತುಳಿ ಅಂತಾರೆ. ಓನರ್ ಮಗ, ಇದು ಸಿಂಕ್ರೋ ಬಾಕ್ಸು, ಗೇರ್ ಸ್ಪೀಡ್ ಅದೇ ಹೊಂದಿಸ್ಕೊಳ್ತದೆ, ಅದೆಲ್ಲ ಮಾಡಿದ್ರೆ ಕ್ಲಚ್ ಪ್ಲೇಟ್ ಬೇಗ ಹೋಯ್ತದೆ ಅಂತಾನೆ. ಯಾರ್ ಮಾತ್ ಕೇಳ್ಲಿ?

ಸುಮ್ನೆ ಓದೋನು:
ಸಂಬಳ ಕೊಡೋನ ಮಾತು ಕೇಳು 😄

ಟಾರಸ್ ತಾತ:
ಓನರ್ ಮಗನ್ನ ಒಂದ್ಸತಿ ಪಕ್ಕದಲ್ಲಿ ಕೂರಿಸ್ಕೊಂಡು ಫುಲ್ ಲೋಡಲ್ಲಿ ಶಿರಾಡಿ ಘಾಟಿ ಹತ್ಸು, ಮೇಲೆ ಮಾರನಹಳ್ಳಿ ಬರೋ ಹೊತ್ಗೆ ಅವ್ನೇ ಡಬಲ್ ಕ್ಲಚ್ ಹೊಡಿಯಣ್ಣ ಅಂತಾನೆ.

ಲೇ ಮಗಾ, ನೀನು ಲಿವರ್‌ನ ಬಲ ಬುಟ್ಟು ತಳ್ತಿದ್ದೀಯೆ ಅಂತ ಓದ್ತಿದ್ದಂಗೇ ಗೊತ್ತಾಯ್ತು. ಗೇರ್ ಬೀಳೋದು ಕೈ ಬಲಕ್ಕಲ್ಲ ಕಣ್ಲಾ, ಇಂಜಿನ್ ಸೌಂಡಿಗೆ. ನಾವು ಕಲ್ತಾಗ ಸಿಂಕ್ರೋ ಗಿಂಕ್ರೋ ಏನೂ ಇರ್ನಿಲ್ಲ, ಗೇರ್ ಕಿರ್ರ್ ಅಂದ್ರೆ ಗುರು ಪಕ್ಕದಿಂದ ತಲೆ ಮೇಲೆ ಮೊಟಕೋನು, ಅಷ್ಟೇ ಟ್ರೈನಿಂಗು. ಏರಿಸುವಾಗ ಕ್ಲಚ್ ತುಳಿ, ನ್ಯೂಟ್ರಲ್‌ಗೆ ತತ್ತಾ, ಕ್ಲಚ್ ಬುಡು, ಇಂಜಿನ್ ಸೌಂಡ್ ಇಳಿಯೋವರ್ಗೂ ಒಂದು ಗಳಿಗೆ ಕಾಯಿ, ಮತ್ತೆ ತುಳಿ, ಹಾಕು. ಇಳಿಸುವಾಗ ಕ್ಲಚ್ ತುಳಿದು ನ್ಯೂಟ್ರಲ್, ಕ್ಲಚ್ ಬುಟ್ಟು ಎಕ್ಸಲೇಟರ್‌ನ ಒಂದು ಗುದ್ದು ಗುದ್ದು, ಸೌಂಡ್ ಮೇಲೆದ್ದ ತಕ್ಷಣ ತುಳಿದು ಹಾಕು, ಎರಡು ಬೆರಳಲ್ಲಿ ಬೀಳ್ತದೆ. ಕ್ಲಚ್ ಬುಡದೇ ಬರೀ ಎಕ್ಸಲೇಟರ್ ಗುದ್ದುದ್ರೆ ಏನೂ ಪ್ರಯೋಜನ ಇಲ್ಲ, ಸುಮಾರು ಹುಡುಗ್ರು ಹಂಗೇ ಮಾಡ್ತಾವ್ರೆ.

ಮದ್ದೂರ್ ಹುಡ್ಗ:
ತಾತ, ಕ್ಲಚ್ ತುಳ್ಕೊಂಡೇ ರೇಸ್ ಕೊಟ್ರೆ ಯಾಕ್ ಆಗಲ್ಲ? ಇಂಜಿನ್ ಸೌಂಡ್ ಅಂತೂ ಏರ್ತದಲ್ಲ.

ಟಾರಸ್ ತಾತ:
ಅದೆಲ್ಲ ಮೆಕ್ಯಾನಿಕ್‌ನ ಕೇಳು. ನಂಗೆ ಬೀಳ್ತದೆ ಅಂತ ಗೊತ್ತು, ಯಾಕ್ ಬೀಳ್ತದೆ ಅಂತ ಯಾವತ್ತೂ ಕೇಳಿಲ್ಲ.

ಸ್ಪ್ಯಾನರ್ ಮೈಸೂರು:
ನಾನು ಹೇಳ್ತೀನಿ, ದಿನಾ ಬಾಕ್ಸ್ ಬಿಚ್ಚೋದೇ ಕೆಲಸ. ಗೇರ್ ಬಾಕ್ಸ್ ಒಳಗೆ ಎರಡು ಕಡೆ ಸ್ಪೀಡ್ ಇರುತ್ತೆ ಅಂತ ಇಟ್ಕೊ. ಒಂದು ಕಡೆ ಚಕ್ರಕ್ಕೆ ಸೇರಿದ್ದು, ಹೌಸಿಂಗು (ಹಿಂದಿನ ಆಕ್ಸಲ್ಲು), ಜಾಯಿಂಟ್ ಶಾಫ್ಟು, ಮೇನ್ ಶಾಫ್ಟು ಎಲ್ಲ ಸೇರಿ ತಿರುಗ್ತಿರುತ್ತೆ, ಗಾಡಿ ಎಷ್ಟು ಸ್ಪೀಡಲ್ಲಿದ್ಯೋ ಅಷ್ಟೇ, ಅದನ್ನ ನೀನು ಬದಲಾಯಿಸೋಕಾಗಲ್ಲ. ಇನ್ನೊಂದು ಕಡೆ ಇನ್‌ಪುಟ್ ಶಾಫ್ಟು, ಲೇ ಶಾಫ್ಟು, ಅದ್ರ ಗೇರ್‌ಗಳು, ಇದು ಕ್ಲಚ್ ಬಿಟ್ಟಿದ್ದಾಗ ಮಾತ್ರ ಇಂಜಿನ್ ಜೊತೆ ತಿರುಗುತ್ತೆ. ಗೇರ್ ಬೀಳ್ಬೇಕು ಅಂದ್ರೆ ಈ ಎರಡೂ ಹಲ್ಲು ಒಂದೇ ಸ್ಪೀಡ್‌ಗೆ ಬರ್ಬೇಕು. ಓಡ್ತಿರೋ ಬಸ್ ಹತ್ತೋನು ಬಸ್ಸಿನ ಸ್ಪೀಡ್‌ಗೇ ಓಡಿ ಕಂಬಿ ಹಿಡ್ಕೊಳ್ತಾನಲ್ಲ, ಅದೇ ಲೆಕ್ಕ. ಇಳಿಸುವಾಗ ಲೇ ಶಾಫ್ಟ್‌ನ ಸ್ಪೀಡ್ ಮಾಡ್ಬೇಕು, ಅದಕ್ಕೇ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು ರೇಸ್ ಕೊಡೋದು. ಕ್ಲಚ್ ತುಳಿದಿದ್ರೆ ಇಂಜಿನ್ನು ಬಾಕ್ಸು ಬೇರೆಬೇರೆ, ನೀನು ಎಷ್ಟೇ ರೇಸ್ ಕೊಟ್ರೂ ಬಾಕ್ಸ್ ಒಳಗೆ ಏನೂ ಅಲ್ಲಾಡಲ್ಲ, ಸೌಂಡ್ ಮಾತ್ರ.

ಈಗ ಸಿಂಕ್ರೋ ಏನ್ ಮಾಡುತ್ತೆ ಅಂದ್ರೆ ನೀನು ಲಿವರ್ ತಳ್ಳಿದಾಗ ಮೊದ್ಲು ಒಂದು ರಿಂಗು ಹೋಗಿ ಗೇರಿನ ಕೋನ್ ಮೇಲೆ ಉಜ್ಜಿ ಎರಡರ ಸ್ಪೀಡೂ ಸಮ ಮಾಡುತ್ತೆ, ಸಮ ಆಗೋವರ್ಗೂ ಹಲ್ಲಿಗೆ ದಾರಿ ಬಿಡಲ್ಲ. ಅಂದ್ರೆ ತಾತ ಎಕ್ಸಲೇಟರಲ್ಲಿ ಮಾಡೋ ಕೆಲಸನ ಒಂದು ಬಳೆಯಷ್ಟು ತೆಳು ರಿಂಗು ಉಜ್ಜಿ ಉಜ್ಜಿ ಮಾಡುತ್ತೆ. ಹಗುರ ಗಾಡೀಲಿ ಗೊತ್ತೇ ಆಗಲ್ಲ, ಈ ಬಾಕ್ಸ್‌ಗಳಲ್ಲಿ ಗೇರುಗಳೇ ದಪ್ಪ, ತೂಕ ಜಾಸ್ತಿ, ರಿಂಗ್‌ಗೆ ಟೈಮ್ ಬೇಕು. ನೀನು ಟೈಮ್ ಕೊಡದೆ ಒತ್ತಿದ್ರೆ ಕಟಕಟ. ಹಿತ್ತಾಳೆ ರಿಂಗ್ ಇರೋ ಬಾಕ್ಸ್‌ನ ಗೇರ್ ಆಯಿಲ್ ಇಳಿಸಿ ನೋಡು ಗೊತ್ತಾಗುತ್ತೆ, ಡ್ರೈನ್ ಪ್ಲಗ್ ಮ್ಯಾಗ್ನೆಟ್‌ಗೆ ಕಬ್ಬಿಣದ ಪುಡಿ ಕಪ್ಪಗೆ ಮೀಸೆ ಥರ ಹಿಡ್ಕೊಂಡಿರುತ್ತೆ, ಹಿತ್ತಾಳೆ ಮ್ಯಾಗ್ನೆಟ್‌ಗೆ ಹಿಡಿಯಲ್ಲ, ಅದು ಎಣ್ಣೇಲೇ ತೇಲ್ತಿರುತ್ತೆ, ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದ್ರೆ ಮಿಣಮಿಣ ಅನ್ನುತ್ತೆ. ಅಷ್ಟು ಮಿಂಚ್ತಿದ್ರೆ ಆ ಗಾಡಿ ಓಡಿಸ್ದೋನು ಹೆಂಗ್ ಗೇರ್ ಹಾಕ್ತಾನೆ ಅಂತ ನನಗೆ ಯಾರೂ ಹೇಳ್ಬೇಕಿಲ್ಲ.

ಸೋ ಉತ್ತರ: ಸಿಂಕ್ರೋ ಬಾಕ್ಸ್‌ಗೆ ಡಬಲ್ ಕ್ಲಚ್ ಕಡ್ಡಾಯ ಅಲ್ಲ. ಏರಿಸುವಾಗ ಬೇಕಾಗೇ ಇಲ್ಲ, ನಿಧಾನ್ಕೆ ಒತ್ತಿ ಹಿಡ್ಕೊಂಡ್ರೆ ಸಾಕು. ಲೋಡಲ್ಲಿ ಇಳಿಸುವಾಗ ಮಾಡಿದ್ರೆ ರಿಂಗ್ ಉಳಿಯುತ್ತೆ. ಕ್ಲಚ್ ಪ್ಲೇಟ್ ಹೋಗುತ್ತೆ ಅನ್ನೋದು ಸುಳ್ಳು, ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ಪ್ಲೇಟ್ ಮೇಲೆ ಲೋಡೇ ಇರಲ್ಲ. ಪ್ಲೇಟ್ ಸುಡೋದು ದಿಬ್ಬದಲ್ಲಿ ಹಾಫ್ ಕ್ಲಚ್‌ನಲ್ಲಿ ಗಾಡಿ ನಿಲ್ಲಿಸ್ಕೊಳೋರದ್ದು.

ಅದಿರ್ಲಿ, ಒಂದ್ ಪ್ರಶ್ನೆ. ಗಾಡಿ ನಿಂತಿದ್ದಾಗ ರಿವರ್ಸ್ ಹಾಕಿದ್ರೂ ಕಿರ್ ಅನ್ನುತ್ತಾ?

ಘಾಟಿ ಗಿರಾಕಿ:
ಇಷ್ಟೆಲ್ಲ ಯಾಕ್ ಗುರು. ನಾನು ಸ್ಟಾರ್ಟಿಂಗ್‌ಗೆ ಬಿಟ್ರೆ ಕ್ಲಚ್ಚೇ ಮುಟ್ಟಲ್ಲ. ಎಕ್ಸಲೇಟರ್ ಬಿಡೋದು, ನ್ಯೂಟ್ರಲ್‌ಗೆ ಜಾರ್ಸೋದು, ಸೌಂಡ್ ಮ್ಯಾಚ್ ಮಾಡಿ ಮುಂದಿನ ಗೇರಿಗೆ ತಳ್ಳೋದು. ಅಮೆರಿಕಾದವ್ರು ಪೂರ್ತಿ ಹಂಗೇ ಓಡ್ಸೋದು, ವಿಡಿಯೋ ನೋಡಿ ಬೇಕಾದ್ರೆ.

ಕೆ.ಆರ್.ನಗರ ಟು ಒಹಾಯೊ:
ಅಮೆರಿಕಾ ಅಂದಿದ್ದಕ್ಕೆ ಬಂದೆ 🙂 ಊರು ಕೆ.ಆರ್.ನಗರ, ಇಲ್ಲಿ ಸೆಮಿ, ಅಂದ್ರೆ ಟ್ರೈಲರ್ ಲಾರಿ ಓಡಿಸ್ತೀನಿ. ಹೌದು ಇಲ್ಲಿ ಫ್ಲೋಟಿಂಗ್ ಅಂತಾರೆ, ಸುಮಾರು ಜನ ಮಾಡ್ತಾರೆ, ಆದ್ರೆ ಬಾಕ್ಸೇ ಬೇರೆ. ಇಲ್ಲಿಯ ಈಟನ್ ಫುಲ್ಲರ್ 10 ಸ್ಪೀಡು, 13, 18 ಇವುಗಳಲ್ಲಿ ಮೇನ್ ಬಾಕ್ಸ್‌ಗೆ ಸಿಂಕ್ರೋನೇ ಇಲ್ಲ. ರಿಂಗ್ ಇಲ್ಲ ಅಂದ್ಮೇಲೆ ಸವೆಯೋಕೆ ಏನಿದೆ, ಆರ್‌ಪಿಎಂ ಸರಿ ಇದ್ರೆ ಬೀಳುತ್ತೆ, ಇಲ್ಲ ಅಂದ್ರೆ ಒದ್ದು ಆಚೆ ಹಾಕುತ್ತೆ. 10 ಸ್ಪೀಡ್‌ನಲ್ಲಿ ಲಿವರ್‌ಗೆ ಐದೇ ಜಾಗ, ಕೆಳಗಿನ 5 ಗೇರ್ ಮುಗಿದ್ಮೇಲೆ ನಾಬ್ ಮೇಲಿನ ರೇಂಜ್ ಬಟನ್ ಎತ್ತಿ ಮತ್ತೆ ಅದೇ ಐದು ಜಾಗದಲ್ಲಿ 6ರಿಂದ 10. ಬಟನ್ ಎತ್ತೋದು 5ರಲ್ಲಿ ಇರುವಾಗ್ಲೇ, ಲಿವರ್ ನ್ಯೂಟ್ರಲ್ ದಾಟುವಾಗ ಗಾಳಿ ಪ್ರೆಶರ್‌ನಲ್ಲಿ ರೇಂಜ್ ಬದಲಾಗುತ್ತೆ. 13ರಲ್ಲಿ ಮೇಲಿನ ಗೇರ್‌ಗಳಿಗೆ, 18ರಲ್ಲಿ ಎಲ್ಲದಕ್ಕೂ ಸ್ಪ್ಲಿಟರ್ ಅಂತ ಇನ್ನೊಂದು ಸ್ವಿಚ್ಚು, ಅರ್ಧ ಅರ್ಧ ಗೇರ್ ಥರ. ಮಾಮೂಲಿ ಲಿಮಿಟ್ 80,000 ಪೌಂಡು, ಅಂದ್ರೆ 36 ಟನ್ ಚಿಲ್ಲರೆ, ಆ ಲೋಡಲ್ಲಿ 1500ರ ಹತ್ರ ಏರಿಸಿದ್ರೆ ಮುಂದಿನ ಗೇರಿಗೆ 1100ರ ಆಸುಪಾಸಲ್ಲಿ ಕೂರುತ್ತೆ. ಆ ನಡುವಿನ ಗ್ಯಾಪ್‌ನ ಕಿವಿ ಕಲ್ತುಬಿಟ್ರೆ ಆಯ್ತು.

ಆದ್ರೆ ಲೈಸೆನ್ಸ್‌ಗೆ ಓದೋ ಸರ್ಕಾರಿ ಮ್ಯಾನುಯಲ್‌ನಲ್ಲಿ ಹೇಳ್ಕೊಡೋದು ಡಬಲ್ ಕ್ಲಚ್ಚೇ, ಫ್ಲೋಟಿಂಗ್ ಅಲ್ಲ. ಇನ್ನೊಂದು, ಆಟೋಮ್ಯಾಟಿಕ್ ಗಾಡೀಲಿ ಟೆಸ್ಟ್ ಕೊಟ್ರೆ ಲೈಸೆನ್ಸ್ ಮೇಲೆ ಇ ಅಂತ ನಿರ್ಬಂಧ ಬೀಳುತ್ತೆ, ಮ್ಯಾನುಯಲ್ ಓಡಿಸಂಗಿಲ್ಲ. ಹೊಸ ಗಾಡಿಗಳು ಬಹುಪಾಲು ಆಟೋನೇ ಬರ್ತಿರೋದ್ರಿಂದ ಈಗಿನ ಹುಡುಗ್ರಿಗೆ ಅದು ಬೇಕಾಗೂ ಇಲ್ಲ.

ಸ್ಪ್ಯಾನರ್ ಮೈಸೂರು:
ಕೇಳ್ದಾ ಗಿರಾಕಿ? ನಮ್ಮ ಸಿಂಕ್ರೋ ಬಾಕ್ಸ್‌ನಲ್ಲಿ ಕ್ಲಚ್ ಇಲ್ದೆ ತಳ್ಳಿದ್ರೆ ಒಂಚೂರು ಸ್ಪೀಡ್ ಹೆಚ್ಚುಕಮ್ಮಿ ಇದ್ರೂ ಆ ತೆಳು ರಿಂಗು ಇಡೀ ಇಂಜಿನ್‌ನ ಫ್ಲೈವೀಲ್ ಸಮೇತ ಎಳೆದು ಸಮ ಮಾಡ್ಬೇಕು. ಕ್ಲಚ್ ತುಳಿದಿದ್ರೆ ಬರೀ ಲೇ ಶಾಫ್ಟ್ ಎಳೆದ್ರೆ ಸಾಕಿತ್ತು.

ಘಾಟಿ ಗಿರಾಕಿ:
ನನ್ನ ಗಾಡಿ ಚೆನ್ನಾಗೇ ಇದೆ.

ಸ್ಪ್ಯಾನರ್ ಮೈಸೂರು:
ಆಯಿಲ್ ಇಳಿಸ್ದಾಗ ಫೋಟೋ ಹಾಕು.

ನಂಜನಗೂಡು ರಸಬಾಳೆ:
ನಾನು ಡ್ರೈವರ್ ಅಲ್ಲ, ಟ್ರಾನ್ಸ್‌ಪೋರ್ಟ್ ಆಫೀಸಲ್ಲಿ ಲೆಕ್ಕ ನೋಡೋಳು. ಗೇರ್ ಬಾಕ್ಸ್ ಬಿಲ್ ಬಂದಾಗ ನಾವು ಮೊದ್ಲು ನೋಡೋದು ಯಾವ ಗಾಡಿ ಅಂತಲ್ಲ, ಯಾವ ಡ್ರೈವರ್ ಅಂತ. ಒಂದೇ ಮಾಡೆಲ್, ಒಂದೇ ರೂಟು, ಒಬ್ರ ಕೈಯಲ್ಲಿ ಕ್ಲಚ್ ವರ್ಷಗಟ್ಲೆ ಬರುತ್ತೆ, ಇನ್ನೊಬ್ರ ಕೈಯಲ್ಲಿ ಪದೇ ಪದೇ ಹೋಗುತ್ತೆ. ಹೊಸದಾಗಿ ತಗೊಳೋ ಓನರ್‌ಗಳು ಎಎಂಟಿ (ತಾನೇ ಗೇರ್ ಬದಲಾಯಿಸೋ ಬಾಕ್ಸು) ಕೇಳೋಕೆ ಶುರು ಮಾಡಿರೋದು ಇದಕ್ಕೇ. ಡ್ರೈವರ್‌ಗೆ ಆರಾಮಾಗ್ಲಿ ಅಂತಲ್ಲ, ಬಿಲ್ ಕಮ್ಮಿ ಆಗ್ಲಿ ಅಂತ.

ಮದ್ದೂರ್ ಹುಡ್ಗ:
ಸ್ಪ್ಯಾನರ್ ಅಣ್ಣ, ಹೂ ರಿವರ್ಸ್ ಕೂಡ ಕಿರ್ ಅಂತದೆ! ಫಸ್ಟ್ ಕೂಡ ಒಂದೊಂದ್ಸಲ. ಬೆಳಿಗ್ಗೆ ಹೊತ್ತು ಜಾಸ್ತಿ. ಇದು ಬೇರೆ ಪ್ರಾಬ್ಲಮ್ ಅಂದ್ಕೊಂಡಿದ್ದೆ.

ಸ್ಪ್ಯಾನರ್ ಮೈಸೂರು:
ಅದೇ ನನಗೆ ಅನುಮಾನ ಬಂದಿದ್ದು. ಇಲ್ಲಿ ಎಲ್ರೂ ನಿನ್ನ ಕೈಗೆ ಬೈತಾವ್ರೆ, ಅರ್ಧ ತಪ್ಪು ಕ್ಲಚ್ಚಿಂದು ಇರಬಹುದು. ಹಿಂಗ್ ಮಾಡು. ಗಾಡಿ ಸಮತಟ್ಟಲ್ಲಿ ನಿಲ್ಸಿ ಹ್ಯಾಂಡ್ ಬ್ರೇಕ್ ಹಾಕಿ, ಇಂಜಿನ್ ಐಡ್ಲಿಂಗಲ್ಲಿ, ಕ್ಲಚ್ ಪೂರ್ತಿ ತುಳ್ಕೊಂಡು ಹಂಗೇ ನಾಕೈದು ಸೆಕೆಂಡ್ ಸುಮ್ನಿರು, ಆಮೇಲೆ ರಿವರ್ಸ್ ಹಾಕು. ಒಳಗೆ ಕ್ಲಚ್ ಪ್ಲೇಟ್ ಇಂಜಿನ್‌ನಿಂದ ಪೂರ್ತಿ ಬಿಟ್ಕೊಂಡಿದ್ರೆ ಅಷ್ಟರಲ್ಲಿ ಒಳಗಿನ ಶಾಫ್ಟ್ ನಿಂತಿರುತ್ತೆ, ಸೌಂಡ್ ಬರಬಾರ್ದು. ಕಾದ್ಮೇಲೂ ಕಿರ್ ಅಂದ್ರೆ ಕ್ಲಚ್ ಪೂರ್ತಿ ಬಿಡ್ತಿಲ್ಲ ಅಂತ, ಪ್ಲೇಟ್ ಅಂಟ್ಕೊಂಡೇ ತಿರುಗ್ತಿದೆ. ಪೆಡಲ್ ಫ್ರೀ ಪ್ಲೇ ನೋಡ್ಸು, ಕ್ಲಚ್ ಆಯಿಲ್ ಡಬ್ಬಿ ಲೆವೆಲ್ ನೋಡು, ಬೂಸ್ಟರ್ ಹತ್ರ ಒದ್ದೆ ಇದ್ಯಾ ಕೈ ಹಾಕಿ ನೋಡು. ಪೈಪಲ್ಲಿ ಗಾಳಿ ಸೇರ್ಕೊಂಡಿದ್ರೆ ಪೆಡಲ್ ತುಳಿದ್ರೂ ಅರ್ಧ ಕೆಲಸನೇ ಆಗೋದು. ಅರ್ಜೆಂಟಿಗೆ ರಿವರ್ಸ್ ಬೇಕು ಅಂದ್ರೆ ಮೊದ್ಲು ಒಂದು ಮುಂದಿನ ಗೇರಿಗೆ ಮುಟ್ಸಿ ಆಮೇಲೆ ರಿವರ್ಸ್‌ಗೆ ಎಳಿ, ಶಾಫ್ಟ್ ನಿಲ್ಲುತ್ತೆ.

ಬೆಳಿಗ್ಗೆ ಜಾಸ್ತಿ ಅನ್ನೋದಕ್ಕೆ ಎಣ್ಣೆ ಗಟ್ಟಿ ಇರೋದೂ ಕಾರಣ ಇರಬಹುದು. ಯಾವ ಎಣ್ಣೆ ಹಾಕವ್ರೆ ಕೇಳು, ಜಿಎಲ್-4 ಬೇಕಾದ ಬಾಕ್ಸ್‌ಗೆ ಹೌಸಿಂಗ್‌ಗೆ ಹಾಕೋ ಜಿಎಲ್-5 ಸುರಿಯೋರು ಇದ್ದಾರೆ, ಎರಡೂ 80ಡಬ್ಲ್ಯೂ90 ಅಂತಾನೇ ಬರೆದಿರುತ್ತೆ, ಆದ್ರೆ ಜಿಎಲ್-5ರಲ್ಲಿರೋ ಗಂಧಕದ ಕೆಮಿಕಲ್ಲು ಹಿತ್ತಾಳೆ ರಿಂಗ್‌ಗೆ ಒಳ್ಳೇದಲ್ಲ.

ಕೆ.ಆರ್.ನಗರ ಟು ಒಹಾಯೊ:
ಇಲ್ಲಿ ಇದಕ್ಕೇ ಕ್ಲಚ್ ಬ್ರೇಕ್ ಅಂತ ಕೊಟ್ಟಿರ್ತಾರೆ. ಪೆಡಲ್‌ನ ಪೂರ್ತಿ ತಳಕ್ಕೆ ತುಳಿದ್ರೆ ಇನ್‌ಪುಟ್ ಶಾಫ್ಟ್‌ನ ಹಿಡಿದು ನಿಲ್ಸುತ್ತೆ, ನಿಂತ ಗಾಡೀಲಿ ಫಸ್ಟೋ ರಿವರ್ಸೋ ಹಾಕೋಕೆ ಮಾತ್ರ. ಅದಕ್ಕೇ ಓಡ್ತಿರುವಾಗ ಡಬಲ್ ಕ್ಲಚ್ ಮಾಡೋರು ಪೆಡಲ್‌ನ ತಳ ಮುಟ್ಟಿಸಬಾರ್ದು ಅಂತ ಬೈತಾರೆ, ಅರ್ಧಕ್ಕಿಂತ ಸ್ವಲ್ಪ ಕಮ್ಮಿ ತುಳಿದ್ರೆ ಸಾಕು. ಊರಲ್ಲಿ ಕಲ್ತು ಇಲ್ಲಿಗೆ ಬಂದವ್ರಿಗೆ ಇದೊಂದು ಅಭ್ಯಾಸ ಬಿಡ್ಸೋದು ಕಷ್ಟ.

ಬಂಡಿಪಾಳ್ಯ ಲೋಡ್:
4ರಿಂದ 5ರ ಬಗ್ಗೆ ಯಾರೂ ಹೇಳ್ಲೇ ಇಲ್ಲ. ತಮ್ಮಾ ನಿನ್ ಬಾಕ್ಸು ಡಬಲ್ ಎಚ್ ಇರ್ಬೇಕು, 1-2-3-4 ಎಡಗಡೆ, 5-6-7-8 ಬಲಗಡೆ, ಮಧ್ಯದಲ್ಲಿ ಒಂದ್ ಗೇಟು. 4ರಿಂದ 5 ಅಂದ್ರೆ ಬರೀ ಒಂದ್ ಗೇರಲ್ಲ, ಹಿಂದ್ಗಡೆ ರೇಂಜ್ ಬಾಕ್ಸೂ ಲೋ ಇಂದ ಹೈಗೆ ಹೋಗ್ಬೇಕು, ಅದು ಗಾಳೀಲಿ ನಡೆಯೋದು. ನೀನು 407 ಥರ ಒಂದೇ ಏಟಿಗೆ ಅಡ್ಡಡ್ಡ ಎಳೆದ್ರೆ ರೇಂಜ್ ಇನ್ನೂ ಅರ್ಧ ದಾರೀಲಿ ಇರುತ್ತೆ, ಮುಂದಿನ ಬಾಕ್ಸಲ್ಲಿ ಗೇರ್ ಬಿದ್ದುಬಿಡುತ್ತೆ, ಕಟಕಟ ಬರ್ದೆ ಇನ್ನೇನ್ ಬರುತ್ತೆ. 4ರಿಂದ ನ್ಯೂಟ್ರಲ್‌ಗೆ ಬಾ, ಅಂಗೈಲಿ ಬಲಕ್ಕೆ ಒಂದ್ ತಟ್ಟು ತಟ್ಟು, ಹಿಂದ್ಗಡೆ ಟುಸ್ ಅಂತ ಗಾಳಿ ಸೌಂಡ್ ಬರುತ್ತೆ, ಅದು ಕೇಳಿದ್ಮೇಲೆ 5ಕ್ಕೆ ತಳ್ಳು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಗಾಳಿ ತುಂಬದೇ ಹೊರಟ್ರೆ ಇದು ಇನ್ನೂ ಸ್ಲೋ.

ವಾಪಸ್ 5ರಿಂದ 4ಕ್ಕೆ ಬರುವಾಗ ಸ್ಪೀಡ್ ಇಳಿಸ್ಕೊಂಡು ಬಾ. ಸ್ಪೀಡಲ್ಲಿ ಲೋ ರೇಂಜ್‌ಗೆ ತಟ್ಟಿದ್ರೆ ಆ ರೇಂಜ್ ಸಿಂಕ್ರೋ ಒಂದೇ ಸೀಸನ್‌ಗೆ ಮುಗೀತು.

ಟಾರಸ್ ತಾತ:
ಬಂಡಿಪಾಳ್ಯ ಹೇಳಿದ್ದು ನೂರಕ್ಕೆ ನೂರು ಸರಿ.

ದಿಬ್ಬದ ಇಸ್ಯ ನಾನ್ ಹೇಳ್ತೀನಿ. ನೀನು ಇಂಜಿನ್ ಗುರಗುರ ಅಂತ ಸಾಯೋವರ್ಗೂ 6ರಲ್ಲೇ ಎಳೀತೀಯ, ಆಮೇಲೆ 5ಕ್ಕೆ ಬತ್ತೀಯ, ಅಷ್ಟೊತ್ತಿಗೆ ಗಾಡಿ 5ರ ಸ್ಪೀಡಲ್ಲೂ ಇರಕಿಲ್ಲ. ದಿಬ್ಬ ಕಾಣ್ತಿದ್ದಂಗೆ, ಇಂಜಿನ್ ದಮ್ಮು ಇರುವಾಗ್ಲೇ ಇಳ್ಸು. ತಡ ಆಗೋಯ್ತು ಅಂದ್ರೆ 5 ಬೇಡ, ನೇರ ಅದರ ಕೆಳಗಿನದ್ದು ಹುಡುಕು. ನ್ಯೂಟ್ರಲ್‌ನಲ್ಲಿ ಇರೋ ಅಷ್ಟೂ ಹೊತ್ತು ಗಾಡಿ ಸ್ಪೀಡ್ ಬೀಳ್ತಾನೇ ಇರ್ತದೆ, ಅದು ಲೆಕ್ಕದಲ್ಲಿ ಇಟ್ಕೊ. ಹತ್ತುವಾಗ ಗುದ್ದು ಸಣ್ಣದು ಸಾಕು ಆದ್ರೆ ಕೈ ಬೇಗ ಆಡ್ಬೇಕು. ಇಳಿಯುವಾಗ ಗಾಡಿ ಸ್ಪೀಡ್ ಏರ್ತಾ ಇರ್ತದೆ, ಅಲ್ಲಿ ಗುದ್ದು ದೊಡ್ದು ಬೇಕು.

ಸ್ಪ್ಯಾನರ್ ಮೈಸೂರು:
ತಾತ ಹೇಳಿದ್ದಕ್ಕೆ ಲೆಕ್ಕ ಬೇಕಾದೋರಿಗೆ. ಈ ಥರ 9 ಸ್ಪೀಡ್‌ಗಳಲ್ಲಿ 8ನೇ ಗೇರ್ ಡೈರೆಕ್ಟು, ಅಂದ್ರೆ ಜಾಯಿಂಟ್ ಶಾಫ್ಟ್ ಒಂದ್ ಸುತ್ತಿಗೆ ಇಂಜಿನ್ನೂ 1 ಸುತ್ತು. 7ನೇದು ಸುಮಾರು 1.34. 8ರಲ್ಲಿ 1200ರಲ್ಲಿ ಹೋಗ್ತಿದ್ದು 7ಕ್ಕೆ ಇಳಿಸಿದ್ರೆ ಅದೇ ಸ್ಪೀಡಿಗೆ ಇಂಜಿನ್ 1600ರ ಹತ್ರ ಇರ್ಬೇಕು. ಅಂದ್ರೆ ಗುದ್ದು 400 ಆರ್‌ಪಿಎಂದು. ಏರಿಸುವಾಗ ಉಲ್ಟಾ, 7ರಲ್ಲಿ 1800 ಇದ್ರೆ 8ಕ್ಕೆ 1350ರ ಹತ್ರ ಇಳಿಯೋವರ್ಗೂ ಕಾಯೋದು. ಮೀಟರ್ ನೋಡ್ಕೊಂಡು ಖಾಲಿ ರೋಡಲ್ಲಿ ಪ್ರಾಕ್ಟೀಸ್ ಮಾಡು, ಆಮೇಲೆ ಮೀಟರ್ ಬೇಕಾಗಲ್ಲ. ಮೈಸೂರು-ಬೆಂಗಳೂರು ಹೈವೇಲಿ ಕಲಿಯೋಕಾಗಲ್ಲ, ಅಲ್ಲಿ ಟಾಪ್ ಹಾಕಿದ್ರೆ ಟೋಲ್‌ನಲ್ಲೇ ಕೈ ಲಿವರ್‌ಗೆ ಹೋಗೋದು. ಮತ್ತೆ ಕೈ ಸುಮ್ನೆ ಲಿವರ್ ಮೇಲೆ ಇಟ್ಕೊಂಡು ಓಡಿಸ್ಬೇಡ, ಒಳಗೆ ಫೋರ್ಕ್ ಸವೆಯುತ್ತೆ. ಕಾಲು ಕ್ಲಚ್ ಮೇಲೆ ಇಟ್ಕೊಂಡ್ರೆ ಬೇರಿಂಗ್ ಹೋಗುತ್ತೆ.

ಮದ್ದೂರ್ ಹುಡ್ಗ:
ಅಪ್‌ಡೇಟ್. ಗ್ಯಾರೇಜಲ್ಲಿ ನೋಡಿದ್ರು, ಕ್ಲಚ್ ಬೂಸ್ಟರ್ ಹತ್ರ ಲೀಕು, ಡಬ್ಬೀಲಿ ಆಯಿಲ್ ತಳ ಹಿಡಿದಿತ್ತು, ಪೈಪಲ್ಲಿ ಗಾಳಿ. ಕಿಟ್ ಹಾಕಿ ಗಾಳಿ ತೆಗೆದ್ರು. ರಿವರ್ಸು ಫಸ್ಟು ಈಗ ಸದ್ದೇ ಇಲ್ಲ. 4-5ಕ್ಕೆ ಟುಸ್ ಕೇಳಿ ತಳ್ತೀನಿ, ಬೀಳ್ತದೆ. 6-5 ಇನ್ನೂ ಒಂದ್ಸಲ ಬೀಳ್ತದೆ ಒಂದ್ಸಲ ಇಲ್ಲ, ಆದ್ರೆ ಬಿದ್ದಾಗ ತಾತ ಹೇಳ್ದಂಗೆ ಎರಡೇ ಬೆರಳು ಸಾಕು. ಓನರ್ ಮಗ ಪಕ್ಕದಲ್ಲಿ ಕೂತು ನೋಡ್ದ, ಏನೂ ಮಾತಾಡ್ಲಿಲ್ಲ 😄

ಮುಂದಿನ ವಾರ ಮಂಗಳೂರು ಪೋರ್ಟ್‌ಗೆ ಲೋಡು. ಶಿರಾಡಿ ಇಳೀಬೇಕು. ಇಳಿಯುವಾಗ ಯಾವ ಗೇರು? ಯಾರ್ಡಲ್ಲಿ ಒಬ್ಬ ನ್ಯೂಟ್ರಲ್ ಹೊಡಿ ಡೀಸೆಲ್ ಉಳೀತದೆ ಅಂದ.

ಬಂಡಿಪಾಳ್ಯ ಲೋಡ್:
ಅವನ ಗಾಡಿ ಹಿಂದೆ ಮುಂದೆ ಹೋಗ್ಬೇಡ.

ಸ್ಪ್ಯಾನರ್ ಮೈಸೂರು:
ಡೀಸೆಲ್ಲೂ ಉಳಿಯಲ್ಲ ಮಾರಾಯ. ಗೇರಲ್ಲಿ ಎಕ್ಸಲೇಟರ್ ಬಿಟ್ಟು ಇಳಿಯುವಾಗ ಈಗಿನ ಇಂಜಿನ್‌ಗಳು ಡೀಸೆಲ್ ಪೂರ್ತಿ ಕಟ್ ಮಾಡುತ್ತೆ, ಚಕ್ರನೇ ಇಂಜಿನ್ ತಿರುಗಿಸ್ತಿರುತ್ತೆ. ನ್ಯೂಟ್ರಲ್‌ನಲ್ಲಿ ಐಡ್ಲಿಂಗ್‌ಗೆ ಡೀಸೆಲ್ ಕುಡಿಯುತ್ತೆ. ಅದಕ್ಕಿಂತ ಮುಖ್ಯ, ಇಂಜಿನ್ ಬ್ರೇಕಿಂಗ್ ಹೋಯ್ತು, ಹೊಗೆ ತಡೆದು ಇಂಜಿನ್‌ನ ನಿಧಾನ ಮಾಡೋ ಎಕ್ಸಾಸ್ಟ್ ಬ್ರೇಕ್ ಒತ್ತಿದ್ರೂ ಚಕ್ರಕ್ಕೆ ಮುಟ್ಟಲ್ಲ, ಬರೀ ಬ್ರೇಕ್ ಲೈನಿಂಗ್ ಮೇಲೆ ಇಡೀ ಲೋಡ್ ನಿಲ್ಬೇಕು. ಡ್ರಮ್ ಬಿಸಿ ಆದ್ರೆ ಬ್ರೇಕ್ ತುಳಿದ್ರೂ ಹಿಡಿಯಲ್ಲ, ಆಗ ಗೇರ್ ಹಾಕೋಣ ಅಂದ್ರೆ ಆ ಸ್ಪೀಡಲ್ಲಿ ಯಾವ ಗೇರೂ ಬೀಳಲ್ಲ.

ಟಾರಸ್ ತಾತ:
ಹತ್ತೋಕೆ ಯಾವ ಗೇರ್ ಬೇಕೋ ಇಳಿಯೋಕೆ ಅದೇ, ಇಲ್ಲ ಅದಕ್ಕಿಂತ ಒಂದ್ ಕಮ್ಮಿ. ಮಾರನಹಳ್ಳಿ ದಾಟೋಕ್ ಮುಂಚೆನೇ, ರೋಡ್ ಇನ್ನೂ ಸಮ ಇರುವಾಗ್ಲೇ ಹಾಕ್ಬುಡು. ಎಕ್ಸಾಸ್ಟ್ ಬ್ರೇಕ್ ಆನ್ ಮಾಡು, ಇಂಜಿನ್ ಕೂಗ್ತದೆ, ಕೂಗ್ಲಿ, ಆದ್ರೆ ಆರ್‌ಪಿಎಂ ಮೀಟರ್‌ನ ಕೆಂಪು ಗೆರೆ ಮುಟ್ಟೋಕೆ ಬುಡ್ಬೇಡ. ಮುಟ್ತಾ ಐತೆ ಅಂದ್ರೆ ಬ್ರೇಕ್ ಗಟ್ಟಿಯಾಗಿ ತುಳಿದು ಸ್ಪೀಡ್ ಇಳ್ಸಿ ಬುಟ್ಬುಡು, ಕಾಲು ಇಟ್ಕೊಂಡೇ ಇರ್ಬೇಡ. ಮಧ್ಯದಲ್ಲಿ ಗೇರ್ ಬದಲಾಯ್ಸೋ ಆಸೆ ಬ್ಯಾಡ, ಘಾಟಿ ಕೆಳಗೆ ಗುಂಡ್ಯ ಬರೋವರ್ಗೂ ಅದೇ ಗೇರು.

ಮದ್ದೂರ್ ಹುಡ್ಗ:
ಮಡಿಕೇರಿ, ಸಂಪಾಜೆ ಮೇಲೆ ಹೋದ್ರೆ ಹೆಂಗೆ ತಾತ, ಮೈಸೂರಿಂದ ಹತ್ರ ಅಲ್ವಾ?

ಬಂಡಿಪಾಳ್ಯ ಲೋಡ್:
ಹತ್ರನೇ, ಆದ್ರೆ ಮಳೆಗಾಲದಲ್ಲಿ ಕೊಡಗಲ್ಲಿ ದೊಡ್ಡ ಗಾಡಿ ಬಿಡೋದನ್ನ ಆಗಾಗ ನಿಲ್ಲಿಸ್ತಾರೆ, ತಿರುವೂ ಕಿರಿದು, 40 ಅಡಿ ಕಂಟೇನರ್ ತಿರುಗಿಸೋಕೆ ಎದುರು ಗಾಡಿ ನಿಲ್ಬೇಕು. ಹಾಸನ, ಸಕಲೇಶಪುರ ಮೇಲೇ ಹೋಗು. ಹೊರಡೋಕ್ ಮುಂಚೆ ಶಿರಾಡಿ ಓಪನ್ ಇದ್ಯಾ ಅಂತ ಕೇಳ್ಕೊ, ಮಳೆ ಜೋರಾದ್ರೆ ಅದೂ ಮುಚ್ಚುತ್ತೆ.

ಘಾಟಿ ಗಿರಾಕಿ:
ಆಯಿಲ್ ಇಳಿಸ್ದೆ. ಫೋಟೋ ಹಾಕಲ್ಲ.

ಸ್ಪ್ಯಾನರ್ ಮೈಸೂರು:
😂😂 ಗಾಡಿ ತಗೊಂಡ್ ಬಾ, ನೋಡೋಣ.